ಚಿಲ್ಲರೆ

ಡಿಪೋದ ಡೀಸೆಲ್ ಬಂಕಿನ ಹಿಂದೆ ಸಿಕ್ಕಿದ್ದು.
ಒಂದು ಕಿವಿ ಅರ್ಧ, ಬಾಲ ಹೊಟ್ಟೆಯೊಳಗೆ.
ಮೆಕ್ಯಾನಿಕ್ ಫಯಾಜ್ ಕೇಳಿದ: ಏನು ಹೆಸರಿಡ್ತೀರಕ್ಕ?
ಅವತ್ತು ಬ್ಯಾಗಿನಲ್ಲಿ ಇಲ್ಲದ್ದನ್ನೇ ಇಟ್ಟೆ:
ಚಿಲ್ಲರೆ.

ಹನ್ನೆರಡು ವರ್ಷ ಬಸ್ಸಿನಲ್ಲಿ ನಿಂತವಳು ನಾನು.
ಜನರ ನಡುವೆ ದಾರಿ ಬಿಡಿಸಿಕೊಳ್ಳಲು ಗೊತ್ತು,
ಮೊಣಕೈಯ ಭಾಷೆ ಗೊತ್ತು.
ತುಂಬಿದ ಬಸ್ಸಿನಲ್ಲಿ ಯಾರದೆಂದು ತಿಳಿಯದ ಕೈ
ಯಾವ ಕಡೆಯಿಂದ ಬರುತ್ತದೆಂದು ಗೊತ್ತು.
ಕಂಡೂ ಕಿಟಕಿಯಾಚೆ ನೋಡಿದವರ ಮುಖ
ಒಂದೊಂದೂ ಗೊತ್ತು.

ಮತ್ತಿಕೆರೆಯ ಸಂಜೆ, ಬೇಕರಿ ಮುಂದೆ
ಎಲ್ಲರಿಗೂ ನಾಯಿಯೆಂದರೆ ಪ್ರೀತಿ.
"ನಂಗೇನೂ ಮಾಡಲ್ಲ ಬಿಡಮ್ಮ, ನಮ್ಮನೇಲೂ ಇತ್ತು"
ಎನ್ನುತ್ತ ಬಾಗುತ್ತಾರೆ ಮಂಕಿ ಕ್ಯಾಪಿನ ಯಜಮಾನರು.
ಪಫ್ಸಿನ ಪುಡಿ ಮೆತ್ತಿದ ಬೆರಳು
ತಲೆಯ ಮೇಲೆ ಇಳಿಯುವ ಮೊದಲು
ನಾನು ಒಂದು ಹೆಜ್ಜೆ.
ಅಷ್ಟೇ. ಅದಕ್ಕೂ ಅವರಿಗೂ ನಡುವೆ
ನನ್ನ ಎರಡು ಮೊಣಕಾಲು.
"ಮುಟ್ಟಬೇಡಿ ಸಾರ್."
"ಯಾಕೆ, ಕಚ್ಚುತ್ತಾ?"
"ಇಲ್ಲ. ಅದಕ್ಕಿಷ್ಟ ಇಲ್ಲ."

ಎಷ್ಟು ಸಣ್ಣ ಮಾತು.
ಹೇಳಲು ನಲವತ್ತೊಂದು ವರ್ಷ ಬೇಕಾಯಿತು,
ಅದೂ ನಾಯಿಯ ಪರವಾಗಿ.

ಪಾರ್ಕಿನ ಗೇಟಿನಲ್ಲಿ ಬೆಲ್ಟಿಲ್ಲದ ಲ್ಯಾಬ್ರಡಾರ್ ನುಗ್ಗಿ ಬರುತ್ತದೆ,
ದೂರದಿಂದ ಒಡೆಯನ ಕೂಗು: "ಫ್ರೆಂಡ್ಲಿ, ಫ್ರೆಂಡ್ಲಿ!"
ನಿಮ್ಮದು ಫ್ರೆಂಡ್ಲಿ ಸ್ವಾಮಿ, ನಮ್ಮದು ಇನ್ನೂ
ತಿಂದ ಪೆಟ್ಟು ಎಣಿಸಿ ಮುಗಿಸಿಲ್ಲ.
ಅಂಗೈ ಚಾಚಿ ನಿಲ್ಲುತ್ತೇನೆ
ಓಡಿ ಬಂದವನಿಗೆ ಬಸ್ಸು ತುಂಬಿದೆ ಎನ್ನುವ ಹಾಗೆ.

ಒಂದು ದಿನ ತಪ್ಪಿದೆ.
ಫೋನಿನಲ್ಲಿದ್ದೆ, ಡ್ಯೂಟಿ ಬದಲಾಯಿಸುವ ಮಾತು.
ಟ್ಯೂಷನ್ ಮುಗಿಸಿ ಬಂದ ಹುಡುಗನೊಬ್ಬ
ಹಿಂದಿನಿಂದ ತಬ್ಬಿಕೊಂಡ, ಪ್ರೀತಿಯಿಂದಲೇ.
ಕಚ್ಚಲಿಲ್ಲ. ಬೊಗಳಲಿಲ್ಲ.
ನಿಂತಲ್ಲೇ ಉಚ್ಚೆ ಹೊಯ್ದು
ನನ್ನನ್ನು ನೋಡಿತು.
ಹುಡುಗನನ್ನಲ್ಲ.

ಹನ್ನೊಂದು ದಿನ ಮಂಚದ ಕೆಳಗೆ.
ಮೊಸರನ್ನ ಖಾಲಿಯಾಗುತ್ತಿದ್ದುದು
ನಾನು ದೀಪ ಆರಿಸಿದ ಮೇಲೆ.

ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದು ಕೊಡುತ್ತೇವಲ್ಲ,
ಇಳಿಯುವಾಗ ಇಸ್ಕೊಳ್ಳಿ ಎಂದು,
ಎಷ್ಟೋ ಜನ ಮರೆತು ಇಳಿದುಬಿಡುತ್ತಾರೆ.
ಇದು ಮರೆಯುವ ಪೈಕಿ ಅಲ್ಲ.
ಒಂದೊಂದೇ ರೂಪಾಯಿ ತೀರಿಸಿದೆ.
ಬೀದಿ ಗುಡಿಸುವ ಮುನಿರತ್ನಮ್ಮನಿಗೆ ವಿಷಯ ಹೇಳಿದೆ;
ಅವಳು ಮರುದಿನದಿಂದ ನಮ್ಮನ್ನು ಕಂಡಕೂಡಲೇ
ಪೊರಕೆ ಬೆನ್ನ ಹಿಂದೆ ಬಚ್ಚಿಟ್ಟು ನಿಲ್ಲುತ್ತಾಳೆ,
ಏನೋ ಕದ್ದವಳ ಹಾಗೆ ನಗುತ್ತ.
"ಈ ಕಂಡಕ್ಟರಮ್ಮನಿಗೆ ಪೊಗರು" ಎಂದಿತು ಬೇಕರಿ.
ಇರಲಿ, ಅದನ್ನೂ ಬ್ಯಾಗಿಗೆ ಹಾಕಿಕೊಂಡೆ.

ನಿನ್ನೆ ಭಾನುವಾರ, ಎಳನೀರಿನ ಗಾಡಿ ಹತ್ತಿರ
ಹಾರ್ನು, ಬಲೂನು, ಯಾರದೋ ಮದುವೆಯ ಬ್ಯಾಂಡು.
ಚಿಲ್ಲರೆ ನನ್ನ ಹಿಂದೆ ಬಂತು. ಬಂದು
ನಡುಗಲಿಲ್ಲ.
ಕೂತು ಕಾಲಿಗೆ ಒರಗಿತು, ಪೂರಾ ತೂಕ ಬಿಟ್ಟು.
ಚಪ್ಪಲಿಯ ಮೇಲೆ ಗಲ್ಲ ಊರಿ, ಒಮ್ಮೆ ಆಕಳಿಸಿ,
ಆ ಗದ್ದಲದ ಮಧ್ಯೆ ಕಣ್ಣು ಮುಚ್ಚಿತು.

ಎಳನೀರು ಮುಗಿಯಿತು. ಗಂಜಿಯೂ ಮುಗಿಯಿತು.
ಕಾಲು ಜೋಮು ಹಿಡಿಯಿತು.
"ಸ್ವಲ್ಪ ಜರುಗಮ್ಮ" ಎಂದರು ಯಾರೋ.
ದಿನಕ್ಕೆ ಸಾವಿರ ಸಲ ಊರಿಗೆಲ್ಲ ಅದನ್ನೇ ಹೇಳುವವಳು
ಜರುಗಲಿಲ್ಲ.