ಹಿಡಿಕೆ

ಸುಬಾನ್ ಸಾಬರ ಹೊಸ ಕರೆಂಟ್ ಕಾರಿಗೆ
ಹಿಡಿಕೆಯೇ ಇಲ್ಲ.
ಇಲ್ಲ ಅಂದರೆ, ಇದೆ. ಬಾಗಿಲೊಳಗೆ ಅಡಗಿದೆ.
ಹತ್ತಿರ ಹೋದರೆ, ಆಮೆ ತಲೆ ಚಾಚಿದ ಹಾಗೆ,
ತಾನೇ ಹೊರಗೆ ಬರಬೇಕು.
ಶೋರೂಮಿನಲ್ಲಿ ಬಂತು.
ಮಂಡಕ್ಕಿ ಭಟ್ಟಿಯ ಓಣಿಯಲ್ಲಿ
ಮೂರನೇ ವಾರಕ್ಕೆ ಒಳಗೇ ಕೂತಿತು.

ನನಗೆ ಹೇಳಿ ಕಳಿಸಿದರು. ನಾನು ವೈರಿಂಗ್ ಮುರಿಗೆಪ್ಪ,
ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿ
ಮೂವತ್ತೊಂದು ವರ್ಷ ಟೆಸ್ಟ್ ಲ್ಯಾಂಪ್ ಹಿಡಿದವನು.
ಅಂಬಾಸಿಡರಿನ ಡೈನಮೊ ಬಿಚ್ಚಿದ ಬೆರಳನ್ನು
ಸಂದಿಯಲ್ಲಿ ಆಡಿಸಿದೆ.
ಬೂದಿ.
ಸುಟ್ಟ ಹೊಟ್ಟಿನ ಬೂದಿ, ಮೈದಾಹಿಟ್ಟಿಗಿಂತ ನುಣುಪು.
ಈ ಓಣಿಯಲ್ಲಿ ಅದು
ಉಣ್ಣೋ ತಾಟಿನ ಮೇಲೂ ಕೂರುತ್ತದೆ,
ಕಾರು ಯಾವ ಲೆಕ್ಕ.

‘ಎಂಟೂವರೆ ಲಕ್ಷ, ಸಾಬರೆ.
ಅದರಲ್ಲಿ ಈ ಹಿಡಿಕೆ ಮೋಟಾರಿಗೆಷ್ಟು,
ಅರವತ್ತನಾಲ್ಕು ಬಣ್ಣದ ದೀಪಕ್ಕೆಷ್ಟು,
ಒಳಗೆ ಮಾತಾಡೋ ಹೆಣ್ಣುಮಗಳಿಗೆಷ್ಟು?
ಅಷ್ಟೂ ದುಡ್ಡಿಗೆ ಬ್ಯಾಟರಿ ಕೊಟ್ಟಿದ್ದರೆ
ಹೊಸಪೇಟೆಯಿಂದ ಬರುವಾಗ ನೀವು
ಎ.ಸಿ. ಆರಿಸಿ ಬೆವರಬೇಕಿತ್ತಾ?’

ಸಾಬರು ಉತ್ತರ ಕೊಡಲಿಲ್ಲ. ಆ ಹೆಣ್ಣುಮಗಳನ್ನು
ಅವರೂ ಅಷ್ಟಾಗಿ ಮೆಚ್ಚಿರಲಿಲ್ಲ.
‘ಕಿಟಕಿ ತಗಿಯವ್ವಾ’ ಅಂದರೆ
‘ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ’ ಅನ್ನುತ್ತಾಳೆ.
ಮೊಮ್ಮಗಳು ಆಫ್ರೀನ್ ಗಂಟಲು ಸರಿಮಾಡಿಕೊಂಡು
ವಾರ್ತೆ ಓದುವವರ ಹಾಗೆ
‘ಕಿಟಕಿಯನ್ನು ತೆರೆಯಿರಿ’ ಅಂದಳು. ತೆರೆಯಿತು.
ಗಾಜಿನ ಗುಂಡಿ ಅವಳ ಮೊಣಕೈ ಕೆಳಗೇ ಇತ್ತು.

ಹಿಡಿಕೆಯನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ
ಚೀಲ ಹೊಲಿಯುವ ಗೋಣಿದಾರ ಕಟ್ಟಿ
ಒಂದು ಕುಣಿಕೆ ಹೊರಗೆ ಬಿಟ್ಟೆ.
ಮಜೂರಿ ಎಂಬತ್ತು. ದಾರ ಅವರದೇ.

ಆಮೇಲೆ ಆ ರಾತ್ರಿ, ಟ್ರಾನ್ಸ್‌ಫಾರ್ಮರ್ ಸುಟ್ಟ ರಾತ್ರಿ.
ಭಟ್ಟಿ ಹೊತ್ತಿಸಿ ಆಗಿತ್ತು, ಮರಳು ಕಾದಿತ್ತು,
ನೆನೆದ ಭತ್ತ ಬೆಳಗಿನ ತನಕ ಕಾಯುವುದಿಲ್ಲ,
ಹುಳಿ ವಾಸನೆ ಹೊಡೆಯುತ್ತದೆ.
ಬ್ಲೋವರ್ ನಿಂತು ಬೆಂಕಿ ಮುಖ ಕೆಳಗೆ ಹಾಕಿತ್ತು.
ಕಾರಿನ ಜೊತೆ ಬಂದ ಪುಸ್ತಕವನ್ನು
ಬೆಂಕಿ ಬೆಳಕಿಗೆ ಹಿಡಿದು ನೂರ ಹನ್ನೆರಡನೇ ಪುಟ ತಲುಪಿದೆ:
ಡಿಕ್ಕಿಯ ಚಾಪೆ ಕೆಳಗೆ ಒಂದು ಪ್ಲಗ್ಗು,
ಕಾರಿನಿಂದ ಕರೆಂಟನ್ನು ಹೊರಗೆ ಕೊಡುವುದು.
ಶೋರೂಮಿನ ಹುಡುಗ ಇದನ್ನು ತೋರಿಸಿರಲಿಲ್ಲ.
ಬಣ್ಣ ತೋರಿಸಿದ್ದ.

ದಾರ ಎಳೆದೆ, ಬಾಗಿಲು ಬಿಟ್ಟಿತು.
ವೈರು ಎಳೆದೆ, ಬ್ಲೋವರ್ ಗುರ್ರೆಂದಿತು,
ಭತ್ತ ಸಿಡಿಯತೊಡಗಿತು, ಚಟಪಟ, ಚಟಪಟ,
ಸಾಬರು ಏನೋ ಗೊಣಗುತ್ತ ಮುಖ ಒರೆಸಿಕೊಂಡರು.
ನಾಲ್ಕೂ ಬಾಗಿಲು ತೆಗೆದಿಟ್ಟೆವು,
ಜರಡಿ ಕಾಣಲಿ ಅಂತ.
ಒಳಗಿನ ದೀಪ ಅಂಗಳಕ್ಕೆ ಚೆಲ್ಲಿತು.

ಕೆಂಚಮ್ಮ ಜರಡಿ ನಿಲ್ಲಿಸಿ ಕೇಳಿದಳು,
‘ಮುರಿಗೆಪ್ಪಣ್ಣ, ಇದ್ರಾಗೆ ನೀಲಿ ಬರ್ತದಾ?’
ತೆರೆಯ ಮೇಲೆ ಬೆರಳಾಡಿಸಿದೆ. ಬಂತು.
ಮಂಡಕ್ಕಿ ರಾಶಿ ನೀಲಿಯಾಯಿತು,
ಆಮೇಲೆ ಗುಲಾಬಿ, ಆಮೇಲೆ
ಹೆಸರು ಗೊತ್ತಿಲ್ಲದ ಒಂದು ಹಸಿರು.
ಇಪ್ಪತ್ತು ವರ್ಷ ಹೊಗೆ ಉಂಡ ಕಣ್ಣಿನ ಹಜರತ್‌ಬಿ
ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತ
‘ಇನ್ನೊಂದು’ ಅಂದಳು.
ಇನ್ನೊಂದು.
ಎಣಿಸುತ್ತಿದ್ದೆ. ಹದಿನೇಳಕ್ಕೆ ಲೆಕ್ಕ ತಪ್ಪಿತು.

ಬೆಳಿಗ್ಗೆ ಬ್ಯಾಟರಿ ಹನ್ನೊಂದಕ್ಕೆ ಇಳಿದಿತ್ತು.
ಕಂಪನಿಯವರು ಹಿಡಿಕೆ ಪುಕ್ಕಟೆ ಬದಲಿಸುತ್ತಾರಂತೆ,
ಹಾಕಿಸಲಾ, ಅಂತ ಸಾಬರು ಕೇಳಿದರು.
‘ಹಾಕಿಸ್ರಿ. ದಾರ ಬಿಚ್ಚಬೇಡ್ರಿ’ ಅಂದೆ.

ಅರವತ್ತನಾಲ್ಕು ಬಣ್ಣ ಜಾಸ್ತಿಯೇ.
ಚಹಾದಂಗಡಿಯಲ್ಲಿ ಈಗಲೂ ಹಾಗೇ ವಾದಿಸುತ್ತೇನೆ,
ಕೆಂಚಮ್ಮ ಆ ಕಡೆ ಹಾಯದಿದ್ದರೆ.