ಖಜಾಂಚಿಯ ಲೆಕ್ಕ

ನಮ್ಮ ಕಟ್ಟಡದ ಹೆಸರು ತುಂಗಾ ದರ್ಶನ.
ನೀರಿನ ಟ್ಯಾಂಕಿನ ಮೇಲೆ ಹತ್ತಿ ನಿಂತರೂ
ಕಾಣುವುದು ಸವಳಂಗ ರಸ್ತೆ, ಎರಡು ಶೋರೂಮು,
ಒಂದು ಕಲ್ಯಾಣ ಮಂಟಪದ ಹಿಂಬದಿ.
ಹನ್ನೆರಡು ಮನೆ. ಖಜಾಂಚಿ ನಾನು.

ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ.
ಹಾಲಸ್ವಾಮಿಯ ಮಗುವಿನ ತೋಳಿನ ಮೇಲೆ
ಮೂರು ಕೆಂಪು ಗುಳ್ಳೆ, ಸಾಲಾಗಿ, ಹೊಲಿಗೆ ಹಾಕಿದ ಹಾಗೆ.
‘ಸೊಳ್ಳೆ’ ಅಂದರು. ನಾವೂ ಸೊಳ್ಳೆಯೇ ಅಂದೆವು.
ಮರ್ಯಾದಸ್ಥರ ಮನೆಯಲ್ಲಿ ಸೊಳ್ಳೆ ಇರಬಹುದು.

ರಾತ್ರಿ ಎರಡೂವರೆಗೆ ಬಾಲ್ಕನಿಗೆ ಬಂದರೆ
ಎದುರು ಸಾಲಿನಲ್ಲೊಂದು ದೀಪ, ಕೆಳಗಡೆ ಇನ್ನೊಂದು.
ಹಾಸಿಗೆಯ ಅಂಚನ್ನು ಮೊಬೈಲ್ ಬೆಳಕಿನಲ್ಲಿ
ಬಗ್ಗಿ ಬಗ್ಗಿ ಓದುವ ನೆರಳುಗಳು.
ಬೆಳಿಗ್ಗೆ ಮೆಟ್ಟಿಲಲ್ಲಿ ಸಿಕ್ಕರೆ
‘ನಿದ್ದೆ ಆಯ್ತಾ?’
‘ಓಹೋ, ಚೆನ್ನಾಗಿ.’

ಮಂಚದ ಸಂದಿಗೆ ಕುದಿನೀರು ಹೊಯ್ದೆವು.
ಸೀಮೆಎಣ್ಣೆ ಸಿಗದೆ ಹಾಲಸ್ವಾಮಿ
ಬೈಕಿನಿಂದ ಪೆಟ್ರೋಲು ಎಳೆದ.
ವೀಣಾ ಟೀಚರ ಅತ್ತೆ ದಿಂಬಿನಡಿ ಬಜೆಬೇರು ಇಟ್ಟು
ಅದನ್ನೂ ಅವು ಮನೆ ಮಾಡಿಕೊಂಡವು ಅಂದರು.
ಬೆರಳಲ್ಲಿ ಹೊಸಕಿದರೆ ಹಸಿ ಕೊತ್ತಂಬರಿಯ ವಾಸನೆ.
ಅವತ್ತಿನಿಂದ ನನಗೆ ಚಟ್ನಿ ಇಳಿಯುವುದಿಲ್ಲ.

ಭದ್ರಾವತಿಯಿಂದ ಸೆಲ್ವರಾಜ್ ಬಂದ, ಬೆನ್ನಿಗೆ ಸಿಲಿಂಡರು.
ಸ್ವಿಚ್ ಬೋರ್ಡು ಬಿಚ್ಚಿ ಟಾರ್ಚು ಬಿಟ್ಟು ತೋರಿಸಿದ:
‘ನೋಡಿ ಸಾರ್, ಇದು ಹೆದ್ದಾರಿ.
ಗೋಡೆ ಇರೋದು ನಿಮಗೆ, ಇವಕ್ಕಲ್ಲ.
ಹನ್ನೆರಡೂ ಮನೆ ಒಂದೇ ದಿನ ಹೊಡೆಸಬೇಕು,
ಹದಿನೈದು ದಿನ ಬಿಟ್ಟು ಮರಿಗಳಿಗೆ ಇನ್ನೊಂದು ಸಲ.
ತಿಂಗಳುಗಟ್ಟಲೆ ಉಪವಾಸ ಇರ್ತವೆ ಸಾರ್,
ನಮ್ಮಮ್ಮನ ಶನಿವಾರದ ಒಪ್ಪೊತ್ತು ಏನೇನೂ ಅಲ್ಲ.’

ಏಳು ಮನೆಯವರು ದುಡ್ಡು ಕೊಟ್ಟರು.
ಉಳಿದ ಐದು: ‘ನಮ್ಮಲ್ಲಿಲ್ಲ.’

ಆಮೇಲೆ ಸಭೆ. ಯಾರು ತಂದದ್ದು?
ಪ್ರಶ್ನೆ ಎದ್ದ ಮೇಲೆ ಅದಕ್ಕೊಂದು ಬಾಗಿಲು ಬೇಕು.
ಮುನ್ನೂರೆರಡರ ಜೆಸಿಂತಾ. ನರ್ಸು. ಬಾಡಿಗೆ. ಒಬ್ಬಳೇ.
‘ಕಂಡಕಂಡವರ ಹಾಸಿಗೆ ಮುಟ್ಟುವ ಕೆಲಸ ತಾನೇ’
ಎಂದವರು ಯಾರೆಂದು ನಡಾವಳಿಯಲ್ಲಿಲ್ಲ.
‘ಸರ್ವಾನುಮತದಿಂದ’ ಎಂದಿದೆ.
ಅಕ್ಷರ ನನ್ನದು.

ಅವಳು ವಾದಿಸಲಿಲ್ಲ.
ರಾತ್ರಿಪಾಳಿ ಮುಗಿಸಿ ಬಂದು, ಮುಖವನ್ನೂ ತೊಳೆಯದೆ
ಲಗೇಜ್ ಆಟೋಗೆ ಸಾಮಾನು ಏರಿಸಿದಳು.
ಕಬ್ಬಿಣದ ಮಂಚ. ಬಿಳಿ ಹಾಸಿಗೆ.
ತಿಗಣೆ ಇದ್ದ ಹಾಸಿಗೆಗೆ ಮಸಿಚುಕ್ಕೆ ಬಿದ್ದಿರುತ್ತದೆ,
ಒಂದೂ ಇರಲಿಲ್ಲ. ನೋಡಿದೆ.
‘ಅಣ್ಣಾ, ಮೇಂಟೆನೆನ್ಸ್ ಮುಂಗಡ?’ ಎಂದಳು.
‘ಔಷಧಿ ಖರ್ಚು ಕಳೆದು ಕೊಡ್ತೀವಿ’ ಎಂದೆ.

ಅವಳು ಹೋದಳು. ಅವು ಹೋಗಲಿಲ್ಲ.

ಈಗ ಕೇಳಿ.
ಹೋದ ಆಷಾಢದಲ್ಲಿ ದೊಡ್ಡಾಸ್ಪತ್ರೆಯಲ್ಲಿ
ನಮ್ಮಕ್ಕ ಹತ್ತೊಂಬತ್ತು ದಿನ ಮಲಗಿದ್ದಳು.
ಮಂಚ ಬೆನ್ನಿಗೆ ಒತ್ತುತ್ತದೆಂದು ನೆಲಕ್ಕೆ ಚಾಪೆ ಹಾಕಿಸಿಕೊಂಡಳು.
ಇಪ್ಪತ್ತನೆಯ ದಿನ ಚಾಪೆ ಸುತ್ತಿ, ಅವಳದೇ ಲಂಗದ ಲಾಡಿ ಕಟ್ಟಿ
ಮನೆಗೆ ತಂದೆ. ಬಿಚ್ಚಲಿಲ್ಲ.
ತಲೆಯೆಣ್ಣೆಯ ವಾಸನೆ ಹಾರಿ ಹೋದೀತೆಂದು.
ಸೆಲ್ವರಾಜ್ ಬಂದ ದಿನ
ಅದನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಾರಿನಲ್ಲಿಟ್ಟು
ಸಂಜೆ ಮತ್ತೆ ಮಂಚದಡಿ ತಳ್ಳಿದೆ.

ಆ ವಾರ್ಡಿನಲ್ಲಿ ಜೆಸಿಂತಾ ಇರಲಿಲ್ಲ.
ಇದ್ದಿದ್ದರೆ ಕಥೆ ಚೆನ್ನಾಗಿರುತ್ತಿತ್ತು.
ಅವಳು ಕೆಲಸ ಮಾಡುತ್ತಿದ್ದದ್ದು ಕಣ್ಣಿನ ಆಸ್ಪತ್ರೆಯಲ್ಲಿ.

ಮೊನ್ನೆ ಮಧ್ಯಾಹ್ನ, ತಾರಸಿ ಕಾದಿತ್ತು,
ಚಪ್ಪಲಿ ಹಾಕಿಕೊಂಡೇ ನಿಂತು ಲಾಡಿ ಬಿಚ್ಚಿದೆ.
ಎಣ್ಣೆಯ ವಾಸನೆ ಇರಲಿಲ್ಲ.
ಕೊತ್ತಂಬರಿ.
ಬಿಸಿಲಿಗೆ ಬೆದರಿ ಎಳೆಎಳೆಯಿಂದ ಹೊರಟವು
ಕುಂಕುಮದ ಕಾಳಿನಷ್ಟು ಮರಿಗಳು.
ಬೆಂಕಿ ಹಚ್ಚಿದ್ದು ನಾನೇ.
ಪಕ್ಕದ ತಾರಸಿಯಿಂದ ಯಾರೋ ‘ಏನ್ ಸಾರ್ ಸುಡ್ತಿದೀರಿ?’ ಅಂದರು.
‘ಹಳೇ ಚಾಪೆ’ ಅಂದೆ.

ಭಾನುವಾರ ಸೆಲ್ವರಾಜ್ ಮತ್ತೆ ಬರುತ್ತಾನೆ.
ಲೆಕ್ಕದ ಪುಸ್ತಕದಲ್ಲಿ ಜೆಸಿಂತಾಗೆ ಬಾಕಿ: ಎರಡು ಸಾವಿರದ ಮುನ್ನೂರು.
ಫೋನ್ ನಂಬರು ಪಕ್ಕದಲ್ಲೇ ಇದೆ.
‘ಯಾರು ತಂದದ್ದು’ ಎಂಬುದರ ಮುಂದೆ
ಅವಳ ಹೆಸರು ಹೊಡೆದುಹಾಕಿ
ನನ್ನ ಮನೆ ನಂಬರು ಬರೆದಿದ್ದೇನೆ,

ಸದ್ಯಕ್ಕೆ ಪೆನ್ಸಿಲಿನಲ್ಲಿ.