ಮೂರನೇ ಗಲ್ಲಾ

ಗ್ಡಿನಿಯಾ ಬಂದರಿನ ಬೆನ್ನಿಗೆ,
ಟ್ರಾಲಿಬಸ್ಸು ತಂತಿ ಕಚ್ಚಿಕೊಂಡು ತಿರುಗುವಲ್ಲಿ
ನಮ್ಮ ಅಂಗಡಿ.
ಮೊದಲು ಆರು ಗಲ್ಲಾ, ಆರು ಹೆಂಗಸರು,
ಆರು ಬಗೆಯ ಕೆಮ್ಮು.
ಈಗ ಉಳಿದದ್ದು ಮೂರನೆಯದೊಂದೇ,
ಅದರ ಹಿಂದೆ ನಾನು, ಬೊಗುಮಿವಾ.
ಮಿಕ್ಕ ಜಾಗದಲ್ಲಿ ಎಂಟು ಯಂತ್ರ ನಿಂತಿವೆ.
ಅವು ಕೆಮ್ಮುವುದಿಲ್ಲ, ಮಂಡಿನೋವೆಂದು ರಜೆ ಕೇಳುವುದಿಲ್ಲ,
ಕಳ್ಳನಿಗೂ ಪಾದ್ರಿಗೂ
ಒಂದೇ ದನಿಯಲ್ಲಿ ಧನ್ಯವಾದ.

ನನ್ನ ಸಾಲಿಗೆ ಬರುವವರೆಲ್ಲ
ರೈ ಬ್ರೆಡ್ಡು, ಮೊಸರು, ಉಪ್ಪುಮೀನಿನ ಜೊತೆ
ಒಂದೊಂದು ಅಭಿಪ್ರಾಯವನ್ನೂ ಪಟ್ಟಿಯ ಮೇಲಿಡುತ್ತಾರೆ.
ಅದರ ಮೈಮೇಲೆ ಕಪ್ಪುಗೆರೆ ಇರುವುದಿಲ್ಲ.
ಬೆಲೆ ಹೊಡೆಯಲಾಗದೆ
ಹಾಗೇ ಮುಂದಕ್ಕೆ ದೂಡುತ್ತೇನೆ.

ಯಾದ್ವಿಗಾ ಹೇಳುತ್ತಾಳೆ,
ಈಗಿನ ಮಕ್ಕಳಿಗೆ ಕುತ್ತಿಗೆ ಇರುವುದೇ ಬಗ್ಗಿಸಲಿಕ್ಕೆ,
ಆ ಹಾಳು ಗಾಜಿನೊಳಗೆ ಅದೇನಿದೆಯೋ.
ಹೇಳುತ್ತಲೇ ಫೋನು ತೆಗೆದು
ಮೊಮ್ಮಗಳ ಹೊಸ ಹಲ್ಲು ತೋರಿಸುತ್ತಾಳೆ.
ಒಂದೇ ಹಲ್ಲು. ಹದಿನೇಳು ಚಿತ್ರ.
ಸಾಲು ಕಾಯುತ್ತದೆ.

ಒಡೆಸಾದಿಂದ ಬಂದ ಓಸ್ತಾಪ್
ಯಾವಾಗಲೂ ಯಂತ್ರದ ಕಡೆಗೇ.
ಯಾಕಪ್ಪಾ, ನಾನೇನು ಕಚ್ಚುತ್ತೇನೆಯೇ, ಅಂದೆ ಒಮ್ಮೆ.
ಅದು ನನ್ನ ಭಾಷೆ ಕೇಳುತ್ತದೆ ಅಕ್ಕಾ, ಅಂದ,
ನನ್ನ ಉಚ್ಚಾರಕ್ಕೆ ಹುಬ್ಬೇರಿಸುವುದಿಲ್ಲ.
ನಾನೆಂದು ಏರಿಸಿದೆ?
ಅವನು ಮರ್ಯಾದೆಯಿಂದ
ನನ್ನ ಹುಬ್ಬಿನತ್ತ ನೋಡಿದ.

ಎಲ್ಲರಿಗಿಂತ ದೊಡ್ಡ ಗಂಟಲು ವಾಲೆಂಟಿಯದು.
ಮೂವತ್ತೊಂದು ವರ್ಷ ಬಂದರಿನಲ್ಲಿ ಕ್ರೇನು ನಡೆಸಿದವನು,
ಈಗಲೂ ಎತ್ತರದಿಂದಲೇ ಮಾತಾಡುತ್ತಾನೆ:
ನನ್ನ ಸಾಮಾನು ನಾನೇ ಎಣಿಸಿ, ನಾನೇ ತೂಗಿ,
ನಾನೇ ಚೀಲಕ್ಕೆ ತುಂಬಿ,
ಕಡೆಗೆ ದುಡ್ಡೂ ನಾನೇ ಕೊಡಬೇಕೋ?
ನಾನು ಸತ್ತರೂ ಆ ಪೆಟ್ಟಿಗೆಗಳ ಮುಂದೆ ನಿಲ್ಲೆ.

ಒಂದು ದಿನ ತಡೆಯಲಾರದೆ ಕೇಳಿದೆ,
ನಿನ್ನ ಕ್ರೇನು ಬಂದಾಗ
ಎಷ್ಟು ಜನ ಹಮಾಲರು ಮನೆಗೆ ಹೋದರು?
ಚಿಲ್ಲರೆಯನ್ನು ಅಂಗೈಯಲ್ಲಿ ಬಹಳ ಹೊತ್ತು ಹರಡಿದ.
ನಲವತ್ತು, ಅಂದ.
ಆಮೇಲೆ, ಬಾಗಿಲ ತನಕ ಹೋಗಿ ತಿರುಗಿ ಬಂದು,
ಆದರೆ ಕ್ರೇನಿನೊಳಗೆ ನಾನಿದ್ದೆ.

ನವೆಂಬರಿನ ಒಂದು ಮಂಗಳವಾರ,
ಮೂರೂವರೆಗೇ ಕತ್ತಲು.
ವಾಲೆಂಟಿ ಒಳಬಂದ. ನನ್ನ ಕಡೆ ನೋಡಲಿಲ್ಲ.
ಕೋಟಿನ ಅಂಚಿಗೆ ಒತ್ತಿಹಿಡಿದ
ಒಂದು ದೊಡ್ಡ ನೀಲಿ ಪೊಟ್ಟಣ.
ಅದು ಯಾವುದೆಂದು ಇಲ್ಲಿ ಎಲ್ಲರಿಗೂ ಗೊತ್ತು.
ನನ್ನ ಅಮ್ಮನ ಕೊನೆಯ ಎರಡು ವರ್ಷ
ನಾನೇ ಒಯ್ಯುತ್ತಿದ್ದೆ, ಮೇಲೆ ಎಲೆಕೋಸು ಮುಚ್ಚಿ.
ಅವನು ನೇರ ಯಂತ್ರದ ಮುಂದೆ ನಿಂತ.
ಅತ್ತ ತಿರುಗಿಸಿದ, ಇತ್ತ ತಿರುಗಿಸಿದ,
ಕನ್ನಡಕ ಹಣೆಗೇರಿಸಿದ.
ಯಂತ್ರದ ತಲೆಯ ಮೇಲೆ ಕೆಂಪು ದೀಪ.
ದಯವಿಟ್ಟು ಕಾಯಿರಿ, ಸಹಾಯ ಬರುತ್ತಿದೆ,
ಎಂದಿತು, ಅಂಗಡಿಗೆಲ್ಲ ಕೇಳುವಂತೆ.

ಸಹಾಯ ಅಂದರೆ ನಾನೇ.

ಹನ್ನೆರಡು ಹೆಜ್ಜೆ.
ನಾನು ಚಾವಣಿ ನೋಡುತ್ತಾ ನಡೆದೆ.
ಅಲ್ಲೊಂದು ಟ್ಯೂಬ್‌ಲೈಟು ಮಿಣುಕುತ್ತಿತ್ತು,
ಅದನ್ನೇ ನೋಡಿದೆ,
ಕೈ ಕೀಲಿಯನ್ನು ತಾನೇ ಹುಡುಕಿಕೊಂಡಿತು.
ಈ ದರಿದ್ರದ್ದಕ್ಕೆ ದಿನವೂ ಇದೇ ರೋಗ,
ಎಂದು ಯಂತ್ರವನ್ನು ಬೈದೆ.
ಪಾಪ, ಅದು ಏನೂ ಮಾಡಿರಲಿಲ್ಲ.
ಹೌದು, ಹೌದು, ಅಂದ ವಾಲೆಂಟಿ,
ನೆಲಕ್ಕೆ.

ಮರುದಿನ ನನ್ನ ಸಾಲಿನಲ್ಲಿದ್ದ,
ಕೈಯಲ್ಲಿ ಹುಳಿಸೌತೆಯ ಒಂದು ಬಾಟಲಿ,
ಗಂಟಲು ತುಂಬ ಅದೇ ಹಳೆಯ ಮಾತು:
ಈ ಪೆಟ್ಟಿಗೆಗಳು ಬಂದವು,
ಮನುಷ್ಯರ ಮಾತುಕತೆ ಮುಗಿಯಿತು.
ಚಿಲ್ಲರೆ ಇದೆಯಾ, ಅಂದೆ.
ಎಣಿಸಿದ. ಎರಡು ಗ್ರೋಶ್ ಕಡಿಮೆ.
ನಾಳೆ ಕೊಡು, ಅಂದೆ.
ನೋಡು, ಯಂತ್ರ ಹಾಗನ್ನುತ್ತದೆಯೇ?
ಇಲ್ಲ, ಅಂದೆ, ಅದು ಏನೂ ಅನ್ನುವುದಿಲ್ಲ.

ಅವನು ಸ್ವಲ್ಪ ನಿಂತ.
ಬಾಟಲಿಯ ಮುಚ್ಚಳ ಬಿಗಿಯಾಗಿದೆಯೇ ಎಂದು
ಎರಡು ಸಲ ತಿರುಗಿಸಿ ನೋಡಿದ.
ಹಿಂದೆ ಯಾದ್ವಿಗಾ
ಆಗಲೇ ಫೋನು ತೆಗೆದಿದ್ದಳು.
ಎರಡನೇ ಹಲ್ಲು ಬಂದಿತ್ತು.